ತೊರಗಲ್ಲ ನಾಡಿನಲ್ಲಿ ಕರ್ಬಲಾದ ದುಃಖ: ರಿವಾಯತ್, ಕರ್ಬಲ್ ಕುಣಿತ ಮತ್ತು ಲಾವಣಿ

ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಮರ ಮನೆಗಳಿಲ್ಲ. ಕುರುಬರು, ವಾಲ್ಮೀಕಿಗಳೇ ಹೆಚ್ಚಾಗಿರುವ ಊರದು. ಆದರೂ ಅಲ್ಲಿ ಫಕೀರೇಶ್ವರ ಸ್ವಾಮಿಯ ಮಸೀದಿಯಿದೆ, ಅದರ ಸೇವೆ ನಡೆಸುವವರು ಹಿಂದೂ ಪೂಜಾರಿ. ಮೊಹರಂ ಬಂದಾಗ ಹತ್ತಿರದ ಬೇವಿನಕಟ್ಟಿಯಿಂದ ಮೌಲ್ವಿಯೊಬ್ಬರು ಬಂದು ಇಸ್ಲಾಮಿನ ವಿಧಿಗಳನ್ನು ನೆರವೇರಿಸಿ ಹೋಗುತ್ತಾರೆ. ಉಳಿದದ್ದೆಲ್ಲ ಊರವರದೇ: ದೀವಟಿಗೆಯ ಮೆರವಣಿಗೆ, ಕರ್ಬಲ್ ಕುಣಿತ, ಹಗ್ಗದ ಕಸರತ್ತು. ಇದನ್ನು ಭಾವೈಕ್ಯದ ಸುದ್ದಿಯೆಂದು ಪತ್ರಿಕೆಗಳು ಬರೆದಿವೆ. ಅದು ನಿಜವೇ. ಆದರೆ ಇತಿಹಾಸದ ವಿದ್ಯಾರ್ಥಿಯನ್ನು ಕಾಡಬೇಕಾದ ಪ್ರಶ್ನೆ ಇನ್ನೊಂದಿದೆ. ಎಲ್ಲೋ ದೂರದ ಯುದ್ಧದಲ್ಲಿ ಸತ್ತವರಿಗಾಗಿ ಮಲಪ್ರಭೆಯ ದಂಡೆಯ ಈ ತೊರಗಲ್ಲ ನಾಡಿನ ಒಕ್ಕಲು ಮಕ್ಕಳು ಬೀದಿಯಲ್ಲಿ ನಿಂತು ಹಾಡುವುದನ್ನು ಕಲಿತದ್ದು ಹೇಗೆ?

ಆ ಯುದ್ಧ ನಡೆದದ್ದು ಕ್ರಿ.ಶ. 680ರ ಅಕ್ಟೋಬರ್ 10ರಂದು, ಮೊಹರಂ ತಿಂಗಳಲ್ಲಿ, ಇಂದಿನ ಇರಾಕಿನ ಕರ್ಬಲಾದಲ್ಲಿ. ಖಲೀಫ ಯಜೀದನ ಅಧಿಕಾರಕ್ಕೆ ಒಪ್ಪಿಗೆ ಕೊಡಲು ನಿರಾಕರಿಸಿದ, ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರನ್ನೂ ಅವರ ಜೊತೆಗಿದ್ದ ಸುಮಾರು 72 ಜನರನ್ನೂ ಯೂಫ್ರಟಿಸ್ ನದಿಯ ನೀರು ಮುಟ್ಟಗೊಡದೆ ಕೊಲ್ಲಲಾಯಿತು. ನೀರು ತರಲು ಹೋದ ಅವರ ತಮ್ಮ ಅಬ್ಬಾಸರ ಕೈ ಕತ್ತರಿಸಿದರು. ಹಾಲುಗೂಸು ಕೂಡ ಬಾಣಕ್ಕೆ ಬಲಿಯಾಯಿತೆಂದು ಪರಂಪರೆ ಹೇಳುತ್ತದೆ.

ಈ ಕಥೆ ನಮ್ಮ ಸೀಮೆಗೆ ಬಂದ ದಾರಿ ಬಿಜಾಪುರದ್ದು. ಯೂಸುಫ್ ಆದಿಲ್ ಶಾಹ 16ನೇ ಶತಮಾನದ ಮೊದಲಲ್ಲಿ, ಹುಸೇನರ ಶೋಕವನ್ನು ಮುಖ್ಯವಾಗಿ ಆಚರಿಸುವ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದ. ಮೊದಲನೆಯ ಇಬ್ರಾಹಿಂ 1534ರಲ್ಲಿ ಅದನ್ನು ಸುನ್ನಿ ಪಂಥಕ್ಕೆ ಬದಲಿಸಿದ, 1558ರಲ್ಲಿ ಮೊದಲನೆಯ ಅಲಿ ಮತ್ತೆ ತಂದ. ಎರಡನೆಯ ಅಲಿಯ ಕಾಲಕ್ಕೆ (1656-72) ಬಿಜಾಪುರದಲ್ಲಿ ಮಿರ್ಜಾ ಎಂಬ ಕವಿ ದಖನಿಯಲ್ಲಿ ಮರ್ಸಿಯಾ, ಅಂದರೆ ಶೋಕಗೀತೆಗಳನ್ನೇ ಬರೆದು ಹೆಸರಾದ. 1686ರಲ್ಲಿ ಬಿಜಾಪುರ ಮೊಗಲರ ವಶವಾಯಿತು. ಅರಮನೆ ಹೋದರೂ ಆಚರಣೆ ಹಳ್ಳಿಯಲ್ಲಿ ಉಳಿಯಿತು. ಹಳ್ಳಿಯವರು ಅದನ್ನು ಕನ್ನಡಕ್ಕೆ ತಂದುಕೊಂಡದ್ದರಿಂದಲೇ ಉಳಿಯಿತು ಎಂಬುದು ನನ್ನ ನಿಲುವು.

ಮೊಹರಂ ಚಂದ್ರ ಕಂಡೊಡನೆ ಮಸೀದಿಯ ಮುಂದೆ ಗುದ್ದಲಿ ಹಾಕಿ ಬೆಂಕಿಗಾಗಿ ಅಲಾವಿ ಕುಣಿ ತೋಡುತ್ತಾರೆ. ಲೋಹದ ಪಂಜೆಗಳಿಗೆ ಬಣ್ಣದ ಬಟ್ಟೆ ಸುತ್ತಿ ದೇವರು ಕೂಡ್ರಿಸುತ್ತಾರೆ. ಹರಕೆ ಹೊತ್ತವರು ಲಾಡಿಯೆಂಬ ದಾರ ಕಟ್ಟಿಕೊಂಡು ಫಕೀರರಾಗುತ್ತಾರೆ. ಖತಲ್ ರಾತ್ರಿ, ಅಂದರೆ ಹುಸೇನರ ಕೊಲೆಯನ್ನು ನೆನೆಯುವ ರಾತ್ರಿ, ಬೆಂಕಿಯ ಸುತ್ತ ಹೆಜ್ಜೆಮೇಳ ಸೇರುತ್ತದೆ: ಕಾಲಿಗೆ ಗೆಜ್ಜೆ, ಕೈಯಲ್ಲಿ ಕರವಸ್ತ್ರ, ಹಲಗೆಯ ಬಡಿತಕ್ಕೆ ಒಂದೇ ಹೆಜ್ಜೆ. ಮುಮ್ಮೇಳ ಎತ್ತಿಕೊಟ್ಟ ನುಡಿಯನ್ನು ಹಿಮ್ಮೇಳ ಹಿಡಿಯುತ್ತದೆ. ಎರಡು ಮೇಳ ಎದುರಾದರೆ ಸವಾಲ್-ಜವಾಬಿನಲ್ಲಿ ಬೆಳಗಾಗುತ್ತದೆ. ಹುಸೇನರ ಮಗಳು ಸಕೀನಾಳ ನೀರಡಿಕೆ, ಯುದ್ಧದಲ್ಲಿ ಸತ್ತ ಎಳೆಯ ಖಾಸಿಮನ ಮದುವೆ, ಹುಸೇನರ ತಾಯಿ ಫಾತಿಮಾಳ ಗೋಳು ಇವು ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳ ವಸ್ತು. ಅಭಿಮನ್ಯುವಿನ ಕಥೆಯನ್ನೂ ಇದೇ ಧಾಟಿಯಲ್ಲಿ ಹಾಡುವವರಿದ್ದಾರೆ, ಅದು ಸಹಜವೇ. ಚಕ್ರವ್ಯೂಹದಲ್ಲಿ ಸಿಕ್ಕ ಹುಡುಗನ ಸಾವು ಕೇಳಿದವರಿಗೆ ಖಾಸಿಮ ಪರಕೀಯನಾಗಲಾರ. ಶಿಶುನಾಳ ಶರೀಫರು (1819-1889) ಈ ಪ್ರಕಾರಕ್ಕೆ ತತ್ತ್ವದ ಆಳ ಕೊಟ್ಟರು. ರಹಮತ್ ತರೀಕೆರೆಯವರ ‘ಕರ್ನಾಟಕ ಮೊಹರಂ’ ನಾಡಿನುದ್ದಗಲದ ಆಚರಣೆಯನ್ನು ಒಂದೆಡೆ ತಂದಿದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಒತ್ತಿ ಹೇಳಬೇಕು. ಶಾಸನಗಳಲ್ಲಿ ತೊರಗಲೆ ಆರು ಸಾವಿರವೆಂದು ಹೆಸರಾದ ಈ ನಾಡಿಗೆ ಯುದ್ಧದ ಸಾವು ಹೊಸದಾಗಿರಲಿಲ್ಲ, ಅದಕ್ಕೆ ವೀರಗಲ್ಲಿತ್ತು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಸತ್ತವನು ಗೆದ್ದ, ಮುಗಿಯಿತು. ಅಲ್ಲಿ ಅಳುವ ತಾಯಿಗೆ ಪಟ್ಟಿಕೆಯಿಲ್ಲ. ರಿವಾಯತ್ ಪದ ಕೊಟ್ಟದ್ದು ಆ ತಾಯಿಯ ಮಾತನ್ನು. ಕೊಂದವನ ಹೆಸರು ಹಿಡಿದು, ಬೀದಿಯಲ್ಲಿ, ಎಲ್ಲ ಜಾತಿಯವರ ಎದುರು, ವರುಷ ವರುಷವೂ ಕೇಳುವ ಧೈರ್ಯವನ್ನು ಅದು ಕಲಿಸಿತು. ಅಧಿಕಾರಸ್ಥ ಮಾಡಿದ ಅನ್ಯಾಯವನ್ನು ಮರೆಯಲು ಒಪ್ಪದ ಶೋಕ ಪ್ರತಿಭಟನೆಯೇ ಆಗಿರುತ್ತದೆ.

ಕಂಪನಿ ಸರ್ಕಾರ ಬಂದಾಗ ಈ ನಾಡು ತನ್ನವರಿಗಾಗಿಯೇ ಅಳಬೇಕಾಯಿತು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆ ಬಿದ್ದ, ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಧಿಕ್ಕರಿಸಿದ ಹಲಗಲಿಯ ಬೇಡರ ಊರು ಸುಟ್ಟುಹೋಯಿತು. ಈ ಸಾವುಗಳಿಗೆ ಸರ್ಕಾರಿ ಸ್ಮಾರಕ ಇರಲಿಲ್ಲ, ಲಾವಣಿಯಿತ್ತು. ಹಲಗಲಿಯ ಲಾವಣಿಗೆ ಕುರ್ತಕೋಟಿ ಕಲ್ಮೇಶನ ಅಂಕಿತವಿದೆ. 1880ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಜಾನ್ ಫೇಥ್‌ಫುಲ್ ಫ್ಲೀಟ್ ಇಂಥ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅನುವಾದದೊಡನೆ ಪ್ರಕಟಿಸಿದ. ಸರ್ಕಾರದ ವಿರುದ್ಧದ ದುಃಖವನ್ನು ಸರ್ಕಾರದ ನೌಕರನೇ ದಾಖಲಿಸಿದನೆಂಬುದು ನಮ್ಮ ಭಾಗ್ಯ. ಮುಂದೆ ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ರಾಮದುರ್ಗ ಸೀಮೆಯ ಹುಲಕುಂದದ ಭೀಮಕವಿ ಲಾವಣಿ ಹಾಡುವ ಗೀಗೀ ಮೇಳದ ದನಿಯನ್ನು ದೇಶದ ಕಡೆಗೆ ತಿರುಗಿಸಿದರು.

ಲಾವಣಿ ರಿವಾಯತ್‌ನಿಂದಲೇ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಅದರ ಬೇರುಗಳು ಬೇರೆಡೆಯೂ ಚಾಚಿವೆ. ಆದರೆ ಎರಡನ್ನೂ ಕೇಳಿದ್ದು ಅದೇ ಜನ, ಅದೇ ಊರ ಕಟ್ಟೆ. ಹುಸೇನರಿಗಾಗಿ ನೂರಾರು ವರ್ಷ ಅತ್ತು ಹದಗೊಂಡ ಕಿವಿಗೆ ರಾಯಣ್ಣನ ಗಲ್ಲು ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಫ್ಲೀಟ್ ಲಾವಣಿಗಳಿಗೆ ಮಾಡಿದ್ದನ್ನು ತೊರಗಲ್ಲ ನಾಡಿನ ರಿವಾಯತ್ ಪದಗಳಿಗೆ ನಾವು ಮಾಡಬೇಕು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಸೇರಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿ ಹಳ್ಳಿಗೂ ಹೋಗಿ, ಮೇಳದ ಹಿರಿಯರನ್ನು ಕೂರಿಸಿ, ಅವರ ಪದಗಳನ್ನು ಧಾಟಿಯ ಸಮೇತ ದಾಖಲಿಸಲಿ. ಓದುಗರ ಊರಲ್ಲಿ ಅಂಥ ಹಾಡುಗಾರರಿದ್ದರೆ, ಅವರ ಮನೆಯ ಕೈಬರಹದ ವಹಿಗಳನ್ನು ರದ್ದಿಗೆ ಹಾಕಲು ಬಿಡಬೇಡಿ.