ಪೌರರಾಗಲು ತಿಳಿದಿರಬೇಕಾದುದೇನು? ಬೈಲಕುಪ್ಪೆ, ಗುರುಪುರ ಕಲಿಸುವ ಪಾಠ

ಕನ್ನಡದ 'ಪೌರ' ಎಂಬ ಪದ 'ಪುರ'ದಿಂದ ಬಂದದ್ದು. ಉರ್ದುವಿನ 'ಶಹರಿ' ಎಂಬ ಪದ 'ಶಹರ್'ನಿಂದ ಬಂದದ್ದು. ಎರಡೂ ಭಾಷೆಗಳನ್ನು ಪಾಠ ಮಾಡುವ ನನಗೆ ಈ ಹೊಂದಿಕೆ ಕಂಡಾಗಲೆಲ್ಲ ಸಂತೋಷವಾಗುತ್ತದೆ. ಊರಿನಲ್ಲಿ ನೆಲೆಸಿದವನೇ ಪೌರ ಎಂದು ಎರಡು ಭಾಷೆಗಳೂ ಹೇಳುತ್ತವೆ. ಆದರೆ ಕಾನೂನಿನಲ್ಲಿ ಸಂಗತಿ ಅಷ್ಟು ಸರಳವಾಗಿಲ್ಲ. ಒಂದೇ ಊರಿನಲ್ಲಿ ಅರವತ್ತು ವರ್ಷ ಬಾಳಿಯೂ ಪೌರರಾಗದವರು ನಮ್ಮ ನೆರೆಯಲ್ಲೇ ಇದ್ದಾರೆ. ಅವರ ಚರಿತ್ರೆಯನ್ನು ತಿಳಿಯುವುದು ನಮಗೂ ಅಗತ್ಯ.

1959ರಲ್ಲಿ ದಲೈ ಲಾಮಾ ಅವರು ಟಿಬೆಟ್ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮದ ಹಾದಿಯಲ್ಲಿ ನಡೆದು ಬಂದರು. ಅವರಿಗೆ ನೆಲೆ ಕೊಡಲು ಅಂದಿನ ಮೈಸೂರು ರಾಜ್ಯ ಮುಂದೆ ಬಂದಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಮೀನು ದೊರೆತು, 1960ರ ದಶಕದ ಆರಂಭದಲ್ಲಿ ಮೊದಲ ವಸಾಹತು ನಿಂತಿತು. ಚಳಿ ದೇಶದ ಜನ ಇಲ್ಲಿನ ಬಿಸಿಲಿನಲ್ಲಿ ಕಾಡು ಕಡಿದು, ಆನೆಗಳ ಕಾಟ ಸಹಿಸಿ, ಮುಸುಕಿನ ಜೋಳ ಬೆಳೆದರು. 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯ ವಸಾಹತು ಆಯಿತು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು ನೆಲೆಯಾಯಿತು. ಇಂದು ಸಂತೆಗೆ ಬರುವ ಅವರ ಮಕ್ಕಳು, ಮೊಮ್ಮಕ್ಕಳು ನಮ್ಮಂತೆಯೇ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ.

ಹಾಗಾದರೆ ಇಲ್ಲೇ ಹುಟ್ಟಿದ ಈ ಮಕ್ಕಳು ಯಾವ ದೇಶದವರು? ಬಹುಕಾಲ ಅವರೆಲ್ಲರನ್ನೂ ವಿದೇಶೀಯರೆಂದೇ ಪರಿಗಣಿಸಲಾಯಿತು. ಅವರ ಕೈಯಲ್ಲಿ ಇದ್ದದ್ದು ಆಗಾಗ ನವೀಕರಿಸಬೇಕಾದ ನೋಂದಣಿ ಪ್ರಮಾಣಪತ್ರ. ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಬದಲು ಹಳದಿ ಹೊದಿಕೆಯ ಗುರುತಿನ ಪುಸ್ತಕ. ಆದರೆ 1955ರ ಪೌರತ್ವ ಕಾಯ್ದೆಯ 3ನೇ ಕಲಂ ಬೇರೆಯದನ್ನೇ ಹೇಳುತ್ತಿತ್ತು. ಅದನ್ನು ಸರಳವಾಗಿ ಹೀಗೆ ನೆನಪಿಡಬಹುದು.

1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾವ ದೇಶದವರೇ ಆಗಿರಲಿ, ಸಾಮಾನ್ಯವಾಗಿ ಜನನದಿಂದಲೇ ಭಾರತದ ಪೌರರು. 1987ರ ಜುಲೈ 1ರಿಂದ 2004ರ ಡಿಸೆಂಬರ್ 3ಕ್ಕೆ ಮೊದಲು ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಆ ನಂತರ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು. ಅಥವಾ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಈ ಕಲಂ ಪುಸ್ತಕದಲ್ಲಿ ಇತ್ತು. ಅದನ್ನು ಹಿಡಿದು ಕೇಳುವವರು ಬೇಕಾಗಿದ್ದರು. 1986ರಲ್ಲಿ ಹಿಮಾಚಲ ಪ್ರದೇಶದಲ್ಲಿ ಹುಟ್ಟಿದ ನಮ್‌ಗ್ಯಾಲ್ ಡೋಲ್ಕರ್ ಎಂಬ ಯುವತಿಗೆ, ತಂದೆತಾಯಿ ಟಿಬೆಟಿನವರೆಂಬ ಕಾರಣಕ್ಕೆ ಪಾಸ್‌ಪೋರ್ಟ್ ನಿರಾಕರಿಸಲಾಯಿತು. ಆಕೆ ದೆಹಲಿ ಹೈಕೋರ್ಟಿಗೆ ಹೋದರು. 2010ರ ಡಿಸೆಂಬರ್ 22ರಂದು ನ್ಯಾಯಾಲಯ ಆಕೆ ಜನನದಿಂದಲೇ ಭಾರತೀಯಳು ಎಂದು ತೀರ್ಪು ನೀಡಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ತೆನ್‌ಜಿನ್ ಚೋಫಾಗ್ ಲಿಂಗ್ ರಿಂಪೋಚೆ ಅವರ ಪ್ರಕರಣದಲ್ಲಿ ಇದೇ ಮಾತನ್ನು ಎತ್ತಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗವು ಈ ಅವಧಿಯಲ್ಲಿ ಹುಟ್ಟಿದ ಟಿಬೆಟನ್ನರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನ್ಯಾಯಾಲಯ ಅವರಿಗೆ ಹೊಸದಾಗಿ ಪೌರತ್ವ ಕೊಡಲಿಲ್ಲ. ಹುಟ್ಟಿದ ದಿನವೇ ಅವರದಾಗಿದ್ದುದನ್ನು ಗುರುತಿಸಿತು, ಅಷ್ಟೇ. ಅಂದರೆ ಇಪ್ಪತ್ತು, ಮೂವತ್ತು, ಐವತ್ತು ವರ್ಷ ಪೌರರಾಗಿದ್ದೂ ಅದನ್ನು ಅರಿಯದೆ ಬದುಕಿದವರು ಬೈಲಕುಪ್ಪೆಯಲ್ಲೂ ಗುರುಪುರದಲ್ಲೂ ಇದ್ದರು.

ತೀರ್ಪಿನಿಂದ ಕಷ್ಟವೆಲ್ಲ ತೀರಲಿಲ್ಲ. 2017ರಲ್ಲಿ ಪಾಸ್‌ಪೋರ್ಟ್ ಕೇಳಿದ ಟಿಬೆಟನ್ನರಿಗೆ ಷರತ್ತುಗಳು ಬಂದವು. ನೋಂದಣಿ ಪತ್ರವನ್ನು ಹಿಂತಿರುಗಿಸಬೇಕು, ನಿರಾಶ್ರಿತರ ಸೌಲಭ್ಯಗಳನ್ನು ಬಿಡಬೇಕು, ವಸಾಹತಿನಲ್ಲಿ ವಾಸಿಸಬಾರದು. ಪೌರನಾಗಬೇಕಾದರೆ ತನ್ನ ಪುರವನ್ನೇ ಬಿಡಬೇಕೆಂದರೆ ಯಾರಿಗೆ ತಾನೇ ಮನಸ್ಸು ಬರುತ್ತದೆ? ಮುದಿ ತಾಯಿ, ಹೊಲ, ಮನೆ ಎಲ್ಲವೂ ಅಲ್ಲಿಯೇ. ಇದಲ್ಲದೆ, ಒಂದು ದಿನ ಟಿಬೆಟಿಗೆ ಮರಳುತ್ತೇವೆಂಬ ಆಸೆಯಿಂದಲೇ ಪೌರತ್ವ ಬೇಡವೆಂದವರೂ ಉಂಟು. ಅವರನ್ನು ತಪ್ಪು ಎನ್ನಲಾಗದು. ಆದರೆ ತಿಳಿದು ಬೇಡವೆನ್ನುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ.

ಟಿಬೆಟಿನಲ್ಲೇ ಹುಟ್ಟಿ ಬಂದ ಹಿರಿಯರಿಗೆ ಇರುವ ದಾರಿ ಸಹಜೀಕೃತ ಪೌರತ್ವ. ಅದಕ್ಕೆ ಒಟ್ಟು 12 ವರ್ಷಗಳ ವಾಸ, ಒಳ್ಳೆಯ ನಡತೆ, ಸಂವಿಧಾನದ 8ನೇ ಅನುಸೂಚಿಯ ಒಂದು ಭಾಷೆಯ ಸಾಕಷ್ಟು ಜ್ಞಾನ ಬೇಕು. ಕನ್ನಡವೂ ಉರ್ದುವೂ ಆ ಪಟ್ಟಿಯಲ್ಲಿವೆ. 2019ರ ತಿದ್ದುಪಡಿಯ ರಿಯಾಯಿತಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದ ಆರು ಧರ್ಮಗಳವರಿಗೆ ಮಾತ್ರ. ಬೌದ್ಧರು ಅದರಲ್ಲಿದ್ದರೂ ಟಿಬೆಟ್ ಆ ಪಟ್ಟಿಯಲ್ಲಿಲ್ಲ. ಬ್ರಿಟನ್ನಿನಲ್ಲಿ ಪೌರತ್ವ ಬಯಸುವವರು ಅಲ್ಲಿನ ಚರಿತ್ರೆ, ಜನಜೀವನಗಳ ಮೇಲಿನ 24 ಪ್ರಶ್ನೆಗಳಲ್ಲಿ 18ಕ್ಕೆ ಸರಿಯುತ್ತರ ಬರೆಯಬೇಕು. ನಮ್ಮಲ್ಲಿ ಅಂಥ ಪರೀಕ್ಷೆ ಇಲ್ಲ. ಹಾಗೆಂದು ತಿಳಿವಳಿಕೆ ಬೇಡವೆಂದು ಅರ್ಥವಲ್ಲ. ಎಲ್ಲಿ ಹುಟ್ಟಿದೆ, ಎಂದು ಹುಟ್ಟಿದೆ, ತಂದೆತಾಯಿ ಯಾರು, ಅದಕ್ಕೆ ಕಾಗದ ಎಲ್ಲಿದೆ ಎಂಬ ನಾಲ್ಕು ಪ್ರಶ್ನೆಗಳೇ ಇಲ್ಲಿನ ಪರೀಕ್ಷೆ.

ಈ ಪರೀಕ್ಷೆ ವಲಸೆ ಬಂದವರಿಗೆ ಮಾತ್ರ ಎಂದು ನಾನೂ ಬಹಳ ದಿನ ಭಾವಿಸಿದ್ದೆ. ಆದರೆ ನಾನು ಹುಟ್ಟಿದ್ದು 1987ರ ನಂತರ. ನನ್ನ ತರಗತಿಯ ಮಕ್ಕಳೆಲ್ಲ ಹುಟ್ಟಿದ್ದು 2004ರ ನಂತರ. ಆದ್ದರಿಂದ ನಮ್ಮ ಪೌರತ್ವವೂ ತಂದೆತಾಯಿಯರ ಪೌರತ್ವದ ಮೇಲೆ ನಿಂತಿದೆ. ಆಧಾರ್ ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ.

ಇನ್ನು ನಮ್ಮ ದಾಖಲೆಗಳ ಸ್ಥಿತಿ ನೋಡಿ. ಶಾಲೆಗೆ ಸೇರಿಸುವಾಗ ದಿನಾಂಕ ಗೊತ್ತಿಲ್ಲವೆಂದರೆ ಮೇಷ್ಟ್ರು 'ಜೂನ್ 1' ಎಂದು ಬರೆದುಬಿಡುತ್ತಿದ್ದ ಕಾಲವೊಂದಿತ್ತು. ಒಂದೇ ಹೆಸರು ಒಂದು ಕಾಗದದಲ್ಲಿ 'ಮೊಹಮ್ಮದ್', ಇನ್ನೊಂದರಲ್ಲಿ 'ಮಹಮದ್'. ದಾಖಲಾತಿ ಪುಸ್ತಕ ಬರೆಯುವ ನಮಗೆ ಅದು ಒಂದು ಸಾಲು. 1987ರ ಮಳೆಗಾಲದಲ್ಲಿ ಹುಟ್ಟಿದ ಗುರುಪುರದ ಮಗುವಿಗೆ ಜೂನ್ 30ಕ್ಕೂ ಜುಲೈ 1ಕ್ಕೂ ಇರುವ ವ್ಯತ್ಯಾಸವೇ ದೇಶದ ವ್ಯತ್ಯಾಸ.

ಆದುದರಿಂದ ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ. ಮಗು ಹುಟ್ಟಿದ 21 ದಿನಗಳೊಳಗೆ ಜನನ ನೋಂದಣಿ ಮಾಡಿಸಿ. ಒಂದು ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನನ ದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಧಾರ. ತಂದೆ, ತಾಯಿ, ಮಗುವಿನ ಹೆಸರು ಎಲ್ಲ ಕಾಗದಗಳಲ್ಲೂ ಒಂದೇ ರೀತಿ ಇರಲಿ. ಅಜ್ಜ ಅಜ್ಜಿಯರ ಹಳೆಯ ಕಾಗದಗಳನ್ನು ಗೆದ್ದಲು ಹಿಡಿಯದಂತೆ ಕಾಪಾಡಿ. ಶಿಕ್ಷಕ ಬಂಧುಗಳೇ, ಜೂನ್ ತಿಂಗಳಲ್ಲಿ ಹೊಸ ಮಗುವಿನ ಹೆಸರು ಬರೆಯುವಾಗ ಒಂದು ನಿಮಿಷ ಹೆಚ್ಚು ತೆಗೆದುಕೊಳ್ಳಿ. ತಾಯಿಯನ್ನು ಇನ್ನೊಮ್ಮೆ ಕೇಳಿ ಬರೆಯಿರಿ.