ಸುಳಿವು

ಬಾಳೆಯ ನೆತ್ತಿಯಲ್ಲಿ ಇನ್ನೂ ಬಿಚ್ಚಿಕೊಳ್ಳದೆ ಸುರುಳಿಯಾಗಿ ನಿಂತ ಎಳೆಯ ಎಲೆಯನ್ನು ತೋಟಗಾರನು ಸುಳಿಯೆನ್ನುತ್ತಾನೆ. ನೀರು ತನ್ನನ್ನು ತಾನೇ ಸುತ್ತಿಕೊಂಡು ಒಳಗಿಳಿಯುವ ಎಡೆಯನ್ನು ಅಂಬಿಗನು ಸುಳಿಯೆಂದು ಬಳಸಿಕೊಂಡು ಹೋಗುತ್ತಾನೆ. ದನದ ಜಾತ್ರೆಯಲ್ಲಿ ಎತ್ತನ್ನು ಕೊಳ್ಳಹೊರಟ ರೈತನು ಅದರ ಹಣೆಯ ಮೇಲೆ, ಬೆನ್ನಿನ ಮೇಲೆ ಕೂದಲು ಸುತ್ತಿಕೊಂಡ ಸುಳಿಗಳನ್ನು ಕೈಯಾಡಿಸಿ ನೋಡಿ, ಸುಳಿ ಸರಿಯಿಲ್ಲವೆಂದು ಕಂಡರೆ ಬೆಲೆ ಎಷ್ಟೇ ಇಳಿದರೂ ಮುಂದಕ್ಕೆ ನಡೆಯುತ್ತಾನೆ. ಮಗುವಿನ ತಲೆಯಲ್ಲಿ ಎರಡು ಸುಳಿಗಳನ್ನು ಕಂಡ ಹಿರಿಯರು ಇವನಿಗೆ ಎರಡು ಮದುವೆಯೆಂದು ನಗುತ್ತಾರೆ. ಈ ಎಲ್ಲ ಸುಳಿಗಳ ಬುಡದಲ್ಲಿರುವುದು ಒಂದೇ ಧಾತು: ಸುತ್ತು, ತಿರುಗು, ಅತ್ತಿತ್ತ ಚಲಿಸು, ಕ್ಷಣಮಾತ್ರ ಕಾಣಿಸಿಕೊ. ಅಳಿ ಎಂಬುದು ಅಳಿವಾದಂತೆ, ಉಳಿ ಎಂಬುದು ಉಳಿವಾದಂತೆ, ಈ ಸುಳಿಯಿಂದ ಹುಟ್ಟಿದ ಭಾವನಾಮವೇ ಸುಳಿವು; ವಚನಕಾರರಲ್ಲಿ ಅದು ಸುಳುಹು.

ಸುಳಿವೆಂದರೆ ವಸ್ತುವಲ್ಲ, ವಸ್ತುವಿನ ಗುರುತೂ ಅಲ್ಲ. ವಸ್ತುವು ಇಲ್ಲಿ ಹಾದುಹೋಯಿತೆಂಬ ಅಲುಗಾಟ ಮಾತ್ರ. ಗುರುತು ಇದ್ದಲ್ಲಿಯೇ ನಿಂತಿರುತ್ತದೆ, ಸುಳಿವು ನಿಲ್ಲುವುದಿಲ್ಲ. ಆಷಾಢ ಬಂದರೂ ಮಳೆಯ ಸುಳಿವಿಲ್ಲವೆಂದು ಒಕ್ಕಲಿಗನು ನಿಟ್ಟುಸಿರಿಡುವಾಗ ಅವನು ಅರಸುತ್ತಿರುವುದು ಮಳೆಗಿಂತ ಮೊದಲು ತಿರುಗಬೇಕಾದ ಗಾಳಿಯನ್ನು. ಕಾಣೆಯಾದವನ ಸುಳಿವು ಹತ್ತಿತೆಂದು ಪೋಲೀಸಿನವರು ಹೇಳುವಾಗ ಅವರಿಗೆ ದೊರೆತಿರುವುದು ಮನುಷ್ಯನಲ್ಲ, ಅವನು ನಿನ್ನೆ ಯಾವುದೋ ಬಸ್ ನಿಲ್ದಾಣದಲ್ಲಿ ಓಡಾಡಿದ್ದನೆಂಬ ಮಾತು. ಇಂಗ್ಲಿಷಿನಲ್ಲಿ ಇದರ ಸ್ಥಾನದಲ್ಲಿರುವ ಕ್ಲೂ ಎಂಬ ಪದವು ಮೂಲತಃ ನೂಲಿನ ಉಂಡೆ. ಗ್ರೀಕರ ಕಥೆಯಲ್ಲಿ ಅರಿಯಾಡ್ನೆಯು ಕೊಟ್ಟ ನೂಲಿನೆಳೆಯನ್ನು ಹಿಡಿದು ಥೀಸಿಯಸನು ಹೊಕ್ಕವರು ಹೊರಬಾರದ ಸುತ್ತುಗೋಡೆಗಳಿಂದ ಪಾರಾಗಿ ಬಂದನು. ಎಳೆ ಕೈಯಲ್ಲಿದ್ದವನಿಗೆ ದಾರಿ ತಪ್ಪುವ ಭಯವಿಲ್ಲ. ಕನ್ನಡದ ಸುಳಿವು ಅಂಥ ಅಭಯವನ್ನು ಕೊಡುವುದಿಲ್ಲ. ಅದಕ್ಕೆ ಹತ್ತಿರದ ಬಂಧುವೆಂದರೆ ಸಂಸ್ಕೃತದ ಇಂಗಿತ. ಇಂಗ್ ಧಾತುವಿಗೂ ಚಲಿಸುವುದೆಂದೇ ಅರ್ಥ. ಮನಸ್ಸಿನಲ್ಲಿ ಅಡಗಿದ್ದುದು ಹುಬ್ಬಿನಲ್ಲೋ ಬೆರಳಿನಲ್ಲೋ ಕದಲಿದರೆ ಅದು ಇಂಗಿತವೆನಿಸುತ್ತದೆ. ಪದಬಂಧದ ಚೌಕಗಳ ಪಕ್ಕದಲ್ಲಿ, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಎಂಬ ತಲೆಬರಹಗಳ ಅಡಿಯಲ್ಲಿ ಕೊಡುವ ಸಾಲುಗಳನ್ನು ಸುಳಿವುಗಳೆಂದು ಕರೆದವರು ಯಾರೇ ಆಗಿರಲಿ, ಅವರ ಕಿವಿ ಸೂಕ್ಷ್ಮವಾದುದು.

ಆ ಪದವನ್ನು ನಾನು ದಿನವೂ ಬಾಯಿಗೆ ತಂದುಕೊಳ್ಳುವುದು ಈಗ ಪತ್ರಿಕೆಯ ಪದಬಂಧದಿಂದಲ್ಲ, ಮೊಬೈಲಿನ ಒಂದು ಆಟದಿಂದ. ಬ್ರೂಕ್ಲಿನ್ನಿನಲ್ಲಿ ನೆಲೆಸಿದ್ದ ಜಾಷ್ ವಾರ್ಡಲ್ ಎಂಬ ಎಂಜಿನಿಯರನು, ಪದಗಳ ಆಟವೆಂದರೆ ಪ್ರೀತಿಯಿದ್ದ ತನ್ನ ಸಂಗಾತಿ ಪಲಕ್ ಷಾ ಅವರಿಗಾಗಿ ರಚಿಸಿ, 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ತೆರೆದಿಟ್ಟ ವರ್ಡಲ್ ಅದು. ಮರು ಜನವರಿಯಲ್ಲಿಯೇ ಅದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಕೊಂಡುಕೊಂಡಿತು. ಐದು ಅಕ್ಷರಗಳ ಒಂದು ಇಂಗ್ಲಿಷ್ ಪದ, ದಿನಕ್ಕೊಂದೇ, ಲೋಕಕ್ಕೆಲ್ಲ ಅದೊಂದೇ. ಊಹಿಸಲು ಆರು ಅವಕಾಶ. ಅಕ್ಷರವೂ ಸ್ಥಾನವೂ ಸರಿಯಾದರೆ ಹಸುರು, ಅಕ್ಷರ ಸರಿಯಿದ್ದು ಸ್ಥಾನ ತಪ್ಪಿದರೆ ಹಳದಿ, ಎರಡೂ ಇಲ್ಲದಿದ್ದರೆ ಬೂದು. ಆಟ ಮುಗಿದ ಮೇಲೆ ಈ ಬಣ್ಣದ ಚೌಕಗಳನ್ನಷ್ಟೇ, ಅಕ್ಷರಗಳನ್ನು ಬಿಟ್ಟು, ಮತ್ತೊಬ್ಬರಿಗೆ ಕಳುಹಿಸುವ ಅನುಕೂಲವನ್ನು 2021ರ ಡಿಸೆಂಬರಿನಲ್ಲಿ ಸೇರಿಸಿದರು. ಈ ಆಟದಲ್ಲಿ ನಾನು ಅತ್ಯಂತ ಮೆಚ್ಚುವುದು ಅದನ್ನೇ. ಎಲ್ಲಿ ಎಡವಿದೆ, ಎಲ್ಲಿ ಚೇತರಿಸಿಕೊಂಡೆ, ಎಲ್ಲಿ ಥಟ್ಟನೆ ಹೊಳೆಯಿತು ಎಂಬುದೆಲ್ಲವೂ ಅದರಲ್ಲಿ ಕಾಣುತ್ತದೆ, ಆದರೆ ಉತ್ತರದ ಒಂದು ಅಕ್ಷರವೂ ಹೊರಬೀಳುವುದಿಲ್ಲ.

ನನ್ನ ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ. ಅವರವರ ಊರಿನ ನಡುರಾತ್ರಿಗೆ ಹೊಸ ಪದವು ತೆರೆಯುವುದರಿಂದ, ಮೈಸೂರಿನಲ್ಲಿ ನಾನು ಬಿಡಿಸಿ ಮುಗಿಸಿದ ಪದವು ಅವಳ ಪಾಲಿಗೆ ಬೇಸಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ತಡವಾಗಿ ಹುಟ್ಟುತ್ತದೆ. ಅಷ್ಟು ಹೊತ್ತೂ ನಾನು ಅದನ್ನು ಬಾಯಿಬಿಡದೆ ಕಾಯಬೇಕು. ಒಂದು ಸಂಜೆ ಅವಳ ಸಂದೇಶ ಬಂತು: “ಅಣ್ಣಾ, ಒಂದೇ ಒಂದು ಸಲ ಉಳಿದಿದೆ. ಉತ್ತರ ಹೇಳಬೇಡ, ಸುಳಿವು ಕೊಡು ಸಾಕು.” ಎರಡನೆಯ ಊಹೆಗೇ ಅವಳಿಗೆ ಐ, ಜಿ, ಎಚ್, ಟಿ ಎಂಬ ಕೊನೆಯ ನಾಲ್ಕು ಅಕ್ಷರಗಳು ಹಸುರಾಗಿ ದಕ್ಕಿದ್ದವು, ಮೊದಲನೆಯದೊಂದೇ ಬಾಕಿ. ಇದು ವರ ಎಂದುಕೊಂಡರೆ ಮೋಸಹೋದಂತೆಯೇ: ಮೈಟ್ ಆಯಿತು, ಲೈಟ್ ಆಯಿತು, ನೈಟ್ ಆಯಿತು, ರೈಟ್ ಆಯಿತು, ಐದು ಸಾಲು ಮುಗಿದವು, ಫೈಟ್, ಟೈಟ್, ಸೈಟ್, ಎಂಟನ್ನು ಹೇಳುವ ಎಯ್ಟ್, ಇವು ನಾಲ್ಕೂ ಇನ್ನೂ ಬಾಗಿಲಲ್ಲಿ ನಿಂತಿದ್ದವು. ಎಲ್ಲವೂ ಒಂದೇ ಬಾಲದ ಪದಗಳೇ ಆಗಿರುವಲ್ಲಿ ಬುದ್ಧಿ ಸುಳಿಗೆ ಸಿಕ್ಕಿದ ತೆಪ್ಪದಂತೆ ತಿರುಗಿದಲ್ಲಿಯೇ ತಿರುಗುತ್ತದೆ.

ಇಲ್ಲಿ ಸುಳಿವು ಕೊಡುವವನ ಹೊಣೆ ಸಣ್ಣದಲ್ಲ. ಉತ್ತರವನ್ನೇ ಹೇಳಿಬಿಡುವುದನ್ನು ಔದಾರ್ಯವೆಂದು ಭಾವಿಸುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಹಸಿದವನಿಗೆ ಅನ್ನ ಕೊಡುವುದು ದಾನ, ಅವನ ಬದಲು ತಾನು ಉಂಡು ತೇಗುವುದು ದಾನವಲ್ಲ. ಮೊದಲಕ್ಷರ ಎಸ್ ಎಂದರೆ ಸುಳಿವಲ್ಲ, ಉತ್ತರವೇ. ನೋಟ ಎಂದರೆ ಅನುವಾದವಾಯಿತು. ತೀರ ದೂರದ ಮಾತಾದರೆ ಅವಳು ಕೈಚೆಲ್ಲಿಯಾಳು. ಹತ್ತು ನಿಮಿಷ ಆಲೋಚಿಸಿ ಬರೆದೆ: “ಅಪ್ಪ ಕೊಂಡದ್ದಲ್ಲ, ಅಜ್ಜಿ ಕಳೆದುಕೊಂಡದ್ದು.”

ನಮ್ಮ ತಂದೆಯವರು ನಿವೃತ್ತಿಗೆ ಮುನ್ನ ಮೈಸೂರಿನಲ್ಲಿ ಮೂವತ್ತು ನಲವತ್ತರ ಒಂದು ಸೈಟನ್ನು ಕೊಂಡಿದ್ದರು. ಆ ಸೈಟಿಗೂ ಈ ಸೈಟಿಗೂ ಉಚ್ಚಾರಣೆ ಒಂದೇ, ಅಕ್ಷರಗಳು ಬೇರೆ. ಅಜ್ಜಿ ಕಳೆದುಕೊಂಡದ್ದು ಕಣ್ಣನ್ನು. ಕೊನೆಯ ವರ್ಷಗಳಲ್ಲಿ ಅವರಿಗೆ ಬೆಳಕು ಕತ್ತಲೆಗಳ ಭೇದವೂ ತಿಳಿಯುತ್ತಿರಲಿಲ್ಲ. ನಡುಮನೆಯ ಕಂಬಕ್ಕೊರಗಿ ಬತ್ತಿ ಹೊಸೆಯುತ್ತ ಕುಳಿತಿರುತ್ತಿದ್ದರು. ನಾವು ಹುಡುಗರು ಬರಿಗಾಲಿನಲ್ಲಿ, ಉಸಿರು ಬಿಗಿಹಿಡಿದು ಎದುರಿನಿಂದ ದಾಟಿಹೋದರೂ ಅವರ ಬೆರಳು ನಿಲ್ಲುತ್ತಿತ್ತು, ಮುಖ ಸರಿಯಾಗಿ ನಮ್ಮ ದಿಕ್ಕಿಗೇ ತಿರುಗುತ್ತಿತ್ತು, “ಯಾರೋ ಸುಳಿದ ಹಾಗಾಯಿತಲ್ಲ” ಎನ್ನುತ್ತಿದ್ದರು. ಬಟ್ಟೆಯ ಗಾಳಿಯೋ, ನೆಲದ ಅದುರೋ, ಅವರಿಗೆ ಅಷ್ಟೇ ಸಾಕಾಗುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಸರು ಹಿಡಿದು ಕರೆಯುತ್ತಿದ್ದರು. ಹೆಸರು ತಪ್ಪಿದ್ದನ್ನು ನಾನು ಕಾಣೆ.

ಇಪ್ಪತ್ತು ನಿಮಿಷಗಳ ತನಕ ತಂಗಿಯಿಂದ ಉತ್ತರವಿಲ್ಲ. ಅನಂತರ ಚೌಕಗಳ ಚಿತ್ರ ಬಂತು: ಮೊದಲನೆಯ ಸಾಲು ಹೆಚ್ಚುಕಡಿಮೆ ಬೂದು, ಮುಂದಿನ ನಾಲ್ಕು ಸಾಲುಗಳಲ್ಲಿ ಒಂದು ಬೂದು, ನಾಲ್ಕು ಹಸುರು, ಆರನೆಯದು ಪೂರ್ತಿ ಹಸುರು. ಅದರ ಕೆಳಗೆ ಅವಳು ಬರೆದಿದ್ದಳು: “ಯಾರೋ ಸುಳಿದ ಹಾಗಾಯಿತಲ್ಲ, ಅಣ್ಣಾ.”