ನಾರುಹುಣ್ಣು ಮತ್ತು ಪಾವಟಿಗೆಯ ಬಾವಿ

ಪಾದದ ನೋವೆಂದರೆ ಇಂದು ಹಿಮ್ಮಡಿಯ ಬಿರುಕೋ ಬಿಗಿಯಾದ ಪಾದರಕ್ಷೆಯೋ ನೆನಪಿಗೆ ಬಂದೀತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳು 1997ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ಆ ಒಣಸೀಮೆಯ ಕಾಲುಗಳಿಗೆ ಹಿಂದೆ ಬೇರೊಂದು ಶತ್ರುವಿತ್ತು: ನಾರುಹುಣ್ಣು. ಭಾವಪ್ರಕಾಶವೆಂಬ ಸಂಸ್ಕೃತ ವೈದ್ಯಗ್ರಂಥದಲ್ಲಿ ಇದರ ಹೆಸರು ಸ್ನಾಯುಕ.

ಈ ರೋಗ ಕಾಣಿಸುವುದು ಪಾದದಲ್ಲಿ, ಹೊಗುವುದು ಬಾಯಿಯಲ್ಲಿ. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿಯುಂಟು; ಅದರ ಒಡಲಲ್ಲಿ ಹುಳುವಿನ ಮರಿ. ನೀರಿನೊಡನೆ ಹೊಟ್ಟೆ ಸೇರಿದ ಮರಿ ಸುಮಾರು ಒಂದು ವರ್ಷ ಸದ್ದಿಲ್ಲದೆ ಬೆಳೆದು, ಎರಡು ಮೂರು ಅಡಿ ಉದ್ದದ ಬಿಳಿಯ ನಾರಾಗಿ, ಕಾಲಿನ ಮೇಲೆ ಬೊಬ್ಬೆಯೆಬ್ಬಿಸಿ ಹೊರಬರುತ್ತದೆ. ಉರಿ ತಾಳಲಾರದೆ ರೋಗಿಯು ಕಾಲನ್ನು ಬಾವಿಯ ನೀರಿಗಿಟ್ಟನೆಂದರೆ ಹುಳು ತನ್ನ ಅಸಂಖ್ಯ ಮರಿಗಳನ್ನು ಅಲ್ಲಿಯೇ ಚೆಲ್ಲುತ್ತದೆ. ನಾಳೆ ಆ ನೀರನ್ನು ಕುಡಿಯುವವರು ಅವನ ಮನೆಯವರೇ. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಮೆಲ್ಲಗೆ ಎಳೆಯುವುದೇ ಚಿಕಿತ್ಸೆ. ನಡುವೆ ಹರಿಯಿತೋ, ಕಾಲು ಬಾತು ಕೀವುಗಟ್ಟಿ ವಾರಗಟ್ಟಲೆ ಹಾಸಿಗೆ. ಹೊಲ ಹರಗುವ ಕಾಲದಲ್ಲಿ ರೈತ ಮಲಗಿದರೆ ಆ ವರ್ಷದ ಅನ್ನಕ್ಕೇ ಸಂಚಕಾರ.

ಹಿಂದಿನ ಯಲಬುರ್ಗಿ ತಾಲೂಕಿನ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವನ್ನೂ ಅದರ ಪಾವಟಿಗೆಗಳುಳ್ಳ ಪುಷ್ಕರಣಿಯನ್ನೂ ನೋಡಿ ನಾವು ಸಾಹಿತ್ಯದವರು ಬಾಯ್ತುಂಬ ಹೊಗಳುತ್ತೇವೆ. ಹೊಗಳಬೇಕಾದದ್ದೇ. ಆದರೆ ಊರೂರಿನ ಸಾಮಾನ್ಯ ಬಾವಿಗಳಲ್ಲಿ ಕೊಡಗಳೊಡನೆ ಹುಣ್ಣಾದ ಕಾಲುಗಳೂ ನೀರಿಗಿಳಿದದ್ದು ಇದೇ ಬಗೆಯ ಪಾವಟಿಗೆಗಳಿಂದ. ಬಾವಿ ಕಟ್ಟಿಸಿದವರ ಹೆಸರು ಶಾಸನಗಳಲ್ಲಿ ಉಳಿಯುತ್ತದೆ. ಕಾಲು ಕಳೆದುಕೊಂಡು ಕೂತವರದು ಎಲ್ಲಿಯೂ ಇಲ್ಲ. ಇದು ನಮ್ಮ ಚರಿತ್ರೆಯ ಕೊರತೆಯೆಂದೇ ನನ್ನ ಭಾವನೆ.

ಇನ್ನೊಂದು ಸೋಜಿಗವುಂಟು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣವು ಜೈನರ ಮಹಾತೀರ್ಥ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಶ್ರಾವಕರ ಆಚಾರ. ಅವರ ಉದ್ದೇಶ ಜೀವದಯೆ. ಆದರೆ ಆ ಬಟ್ಟೆಯೇ ಸೈಕ್ಲಾಪ್ಸನ್ನೂ ತಡೆಯಬಲ್ಲುದು. ಸೈಕ್ಲಾಪ್ಸಿನ ಪಾತ್ರವನ್ನು ರಷ್ಯದ ಫೆಡ್ಚೆಂಕೊ ಕಂಡದ್ದು 1870ರ ಸುಮಾರಿಗೆ.

ಸರಕಾರದ ನಿರ್ಮೂಲನ ಕಾರ್ಯಕ್ರಮ ಮೊದಲಾದದ್ದು 1983–84ರಲ್ಲಿ. ಆಗ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳು. ಔಷಧವಿಲ್ಲ, ಲಸಿಕೆಯಿಲ್ಲ. ಕಾರ್ಯಕರ್ತರು ಮನೆಮನೆಗೆ ಹೋಗಿ ನೀರು ಸೋಸಲು ಕಲಿಸಿದರು, ಬಾವಿಗೆ ಟೆಮೆಫಾಸ್ ಹಾಕಿದರು, ಪಾವಟಿಗೆ ಮುಚ್ಚಿಸಿ ಇಳಿಯುವ ಬಾವಿಗಳನ್ನು ಸೇದುವ ಬಾವಿಗಳಾಗಿಸಿದರು, ಕೈಪಂಪುಗಳನ್ನು ನೆಡಿಸಿದರು. (ಕೊಳವೆಬಾವಿಯ ಫ್ಲೋರೈಡು ಇದೇ ಸೀಮೆಯವರ ಹಲ್ಲು ಮೂಳೆಗಳಿಗೆ ತಂದ ಕೇಡು ಬೇರೆಯೇ ಅಧ್ಯಾಯ.) ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರ ಜುಲೈಯಲ್ಲಿ, ರಾಜಸ್ಥಾನದಲ್ಲಿ. 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು.